ನೋವು ಶುರುವಾದಾಗ ಪಕ್ಕದಲ್ಲಿ ಯಾರು?

ದಕ್ಷಿಣ ಕೋಲ್ಕತ್ತಾದಲ್ಲಿ ಹಳದಿ ಟ್ಯಾಕ್ಸಿ ಹತ್ತಿ ‘ರಾಮಕೃಷ್ಣ ಮಿಷನ್ ಸೇವಾ ಪ್ರತಿಷ್ಠಾನ’ ಎಂದರೆ, ವಯಸ್ಸಾದ ಚಾಲಕ ‘ಶಿಶುಮಂಗಲ್ ತಾನೆ?’ ಎಂದು ಕೇಳಿಯೇ ಗಾಡಿ ಬಿಡುತ್ತಾನೆ. ಶರತ್ ಬೋಸ್ ರಸ್ತೆಯ ಆ ದೊಡ್ಡ ಆಸ್ಪತ್ರೆಗೆ ಹೊಸ ಹೆಸರು ಬಂದು ಆರು ದಶಕಗಳ ಮೇಲಾಯಿತು. ಆದರೂ ಊರಿನ ಬಾಯಲ್ಲಿ ಉಳಿದಿರುವುದು ಹಳೆಯ ಹೆಸರೇ. ಅಮೆರಿಕದಲ್ಲಿ ಕೆಲವು ವರ್ಷ ಇದ್ದು ಬಂದ ಸ್ವಾಮಿ ದಯಾನಂದರು 1932ರಲ್ಲಿ ಭವಾನೀಪುರದ ಒಂದು ಬಾಡಿಗೆ ಮನೆಯಲ್ಲಿ ‘ಶಿಶುಮಂಗಲ ಪ್ರತಿಷ್ಠಾನ’ ತೆರೆದರು. ಸಂನ್ಯಾಸಿಗೂ ಹೆರಿಗೆಗೂ ಏನು ಸಂಬಂಧ ಎಂದು ಆಗ ಹುಬ್ಬೇರಿಸಿದವರು ಇದ್ದೇ ಇದ್ದಿರಬೇಕು. ಅವರ ಲೆಕ್ಕ ಮಾತ್ರ ಸರಳವಾಗಿತ್ತು. ಹೆರಿಗೆ ಕಷ್ಟವಾದ ಮೇಲೆ ಡಾಕ್ಟರನ್ನು ಕರೆಯುವುದಕ್ಕಿಂತ ಬಸುರಿಯಾದಾಗಿನಿಂದಲೇ ಹೆಣ್ಣನ್ನು ನೋಡಿಕೊಳ್ಳಬೇಕು. ಹೆರುವ ಮೊದಲು, ಹೆರುವಾಗ, ಹೆತ್ತ ಮೇಲೆ, ಮೂರೂ ಹೊತ್ತು ಒಂದೇ ಕಡೆ ಆರೈಕೆ ಸಿಗಬೇಕು.

ಇಂದು ಇದು ಎಲ್ಲರಿಗೂ ಗೊತ್ತಿರುವ ವಿಷಯ ಅನ್ನಿಸಬಹುದು. 1932ರಲ್ಲಿ ಹಾಗಿರಲಿಲ್ಲ. ಬಂಗಾಳದ ಮನೆಗಳಲ್ಲಿ ಹೆರಿಗೆಗೆಂದು ‘ಆಂತುಡ್ ಘರ್’ ಇರುತ್ತಿತ್ತು. ಮನೆಯ ಅತಿ ಕೊನೆಯ ಕೋಣೆ, ಇಲ್ಲವೆಂದರೆ ಅಂಗಳದಲ್ಲಿ ಎಬ್ಬಿಸಿದ ಗುಡಿಸಲು. ಗಾಳಿ ಆಡುತ್ತಿರಲಿಲ್ಲ, ಒಳಗೆ ಕೆಂಡದ ಹೊಗೆ, ಮೈಲಿಗೆಯ ಭಯದಿಂದ ಮನೆಯವರು ಹತ್ತಿರ ಸುಳಿಯುತ್ತಿರಲಿಲ್ಲ. ಜೊತೆಗೆ ಇರುತ್ತಿದ್ದವಳು ದಾಯಿ ಒಬ್ಬಳೇ. ನಮ್ಮ ಕಡೆಯ ಬಾಣಂತಿ ಕೋಣೆಯನ್ನು ಕಂಡವರಿಗೆ ಈ ಚಿತ್ರ ಹೊಸದೇನಲ್ಲ. ಇದನ್ನು ಬದಲಿಸಬೇಕೆಂದು ಬಂಗಾಳದಲ್ಲಿ ಬಹಳ ಹಿಂದೆಯೇ ಕೆಲವರಿಗೆ ಅನ್ನಿಸಿತ್ತು. 1867ರಲ್ಲೇ ಡಾಕ್ಟರ್ ಯದುನಾಥ ಮುಖೋಪಾಧ್ಯಾಯರು ‘ಧಾತ್ರೀ ಶಿಕ್ಷಾ’ ಎಂಬ ಪುಸ್ತಕ ಬರೆದರು. ಸೂಲಗಿತ್ತಿಗೂ ಬಸುರಿಗೂ ಹೇಳಬೇಕಾದ ಬುದ್ಧಿಮಾತನ್ನು ಮಾತುಕತೆಯ ರೂಪದಲ್ಲಿ ಹೇಳುವ ಪುಸ್ತಕ ಅದು. ಹೆರುವವಳಿಗೂ ತಿಳಿವಳಿಕೆ ಬೇಕು ಎಂಬ ಮಾತು ನೂರೈವತ್ತು ವರ್ಷಗಳ ಹಿಂದೆಯೇ ಅಚ್ಚಾಗಿದೆ ಎನ್ನುವುದನ್ನು ಪ್ರಸವಪೂರ್ವ ತರಗತಿ ವಿದೇಶಿ ಸರಕು ಎಂದುಕೊಂಡವರು ಗಮನಿಸಬೇಕು.

ಕಾದಂಬಿನಿ ಗಾಂಗೂಲಿ 1886ರಲ್ಲಿ ಇದೇ ಊರಿನ ಮೆಡಿಕಲ್ ಕಾಲೇಜಿನಿಂದ ವೈದ್ಯೆಯಾಗಿ ಹೊರಬಂದು ಲೇಡಿ ಡಫರಿನ್ ಆಸ್ಪತ್ರೆಯಲ್ಲಿ ದುಡಿದರು. ಸರ್ ಕೇದಾರನಾಥ ದಾಸರು ಬಂಗಾಳದ ಹೆಂಗಸರ ಮೈಕಟ್ಟಿಗೂ ಇಲ್ಲಿನ ಕೂಸುಗಳ ತಲೆಯ ಅಳತೆಗೂ ಹೊಂದುವಂತೆ ಹೆರಿಗೆಯಲ್ಲಿ ಬಳಸುವ ಇಕ್ಕುಳವನ್ನು ಚಿಕ್ಕದು ಮಾಡಿದರು. 1929ರಲ್ಲಿ ಹೆರಿಗೆ ಇಕ್ಕುಳಗಳ ಇತಿಹಾಸವನ್ನೇ ಬರೆದರು. ಬ್ರಿಟಿಷ್ ಹೆಣ್ಣಿನ ಅಳತೆಯ ಉಪಕರಣ ನಮ್ಮವರಿಗೆ ಯಾಕೆ ಎಂದು ಕೇಳುವ ಧೈರ್ಯ ಆ ಕಾಲದ ಡಾಕ್ಟರಿಗಿತ್ತು. ಅಂಥ ಊರು ಕೋಲ್ಕತ್ತಾ.

ಈಗ ಅದೇ ಊರಿನ ರಾಜ್ಯದ ಒಂದು ಅಂಕಿ ನೋಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಪಶ್ಚಿಮ ಬಂಗಾಳದ ಖಾಸಗಿ ಆಸ್ಪತ್ರೆಗಳಲ್ಲಿ ಆದ ಹೆರಿಗೆಗಳಲ್ಲಿ ಶೇ. 82.7 ಸಿಸೇರಿಯನ್. ಸರ್ಕಾರಿ ಆಸ್ಪತ್ರೆಗಳಲ್ಲಿ ಇದು ಶೇ. 22.9. ಕರ್ನಾಟಕದಲ್ಲಿ ಖಾಸಗಿ ಕಡೆ ಶೇ. 52.5, ಸರ್ಕಾರಿ ಕಡೆ ಶೇ. 22.6. ಒಂದು ಸಮಾಜದಲ್ಲಿ ಸಿಸೇರಿಯನ್ ಪ್ರಮಾಣ ಶೇ. 10ರ ಮೇಲೆ ಏರಿದರೆ ತಾಯಿ ಮಕ್ಕಳ ಸಾವು ಅದರಿಂದ ಮತ್ತಷ್ಟು ತಗ್ಗುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲೇ ಹೇಳಿದೆ. ಬಂಗಾಳದ ಹೆಂಗಸಿನ ಮೈ ಸರ್ಕಾರಿ ಆಸ್ಪತ್ರೆಯ ಬಾಗಿಲಲ್ಲಿ ಒಂದು ಥರ, ಖಾಸಗಿ ಆಸ್ಪತ್ರೆಯ ಬಾಗಿಲಲ್ಲಿ ಇನ್ನೊಂದು ಥರ ಇರುತ್ತದೆಯೇ? ಕಷ್ಟದ ಕೇಸುಗಳು ಖಾಸಗಿಗೆ ಹೆಚ್ಚು ಹೋಗುತ್ತವೆ ಎಂದು ಎಷ್ಟು ರಿಯಾಯಿತಿ ಕೊಟ್ಟರೂ ಈ ಅಂತರ ತುಂಬುವುದಿಲ್ಲ.

ಸಿಸೇರಿಯನ್ ಆದವಳು ಸೋತಳು ಎಂದು ನಾನು ಹೇಳುತ್ತಿಲ್ಲ. ‘ನಾರ್ಮಲ್ಲಾ, ಆಪರೇಷನ್ನಾ?’ ಎಂದು ಬಾಣಂತಿಯ ಮುಖ ನೋಡಿ ಕೇಳುವ ನೆಂಟರ ಚಾಳಿ ನನಗೆ ಹಿಡಿಸುವುದಿಲ್ಲ. ಬೇಕಾದಾಗ ಆಗುವ ಸಿಸೇರಿಯನ್ ಎರಡು ಜೀವ ಉಳಿಸುತ್ತದೆ. ಆದರೆ ಹತ್ತರಲ್ಲಿ ಎಂಟು ಹೆರಿಗೆ ಶಸ್ತ್ರಚಿಕಿತ್ಸೆಯಲ್ಲಿ ಮುಗಿಯುವ ಕಡೆ, ಬಸುರಿಗೆ ‘ಉಸಿರಾಟ ಅಭ್ಯಾಸ ಮಾಡು, ಚಿಟ್ಟೆ ಆಸನ ಹಾಕು, ಎಲ್ಲಾ ಸಲೀಸಾಗುತ್ತದೆ’ ಎಂದಷ್ಟೇ ಹೇಳಿ ಕಳಿಸುವುದು ಅರ್ಧ ಸಿದ್ಧತೆ. ಉಳಿದರ್ಧ ಇರುವುದು ಆಸ್ಪತ್ರೆಯೊಂದಿಗೆ ಆಡುವ ಮಾತಿನಲ್ಲಿ.

ಲೇಕ್ ಮಾರ್ಕೆಟ್ ಸುತ್ತಮುತ್ತ ದಕ್ಷಿಣದವರ ಸಂಸಾರಗಳು ಹಿಂದಿನಿಂದಲೂ ಇವೆ. ಬಾಳೆಎಲೆ, ಕರಿಬೇವು, ಮೊಳದ ಲೆಕ್ಕದ ಮಲ್ಲಿಗೆ ಸಿಗುವ ಜಾಗ. ಅಲ್ಲಿ ಬಾಡಿಗೆಗಿದ್ದ ಹಾಸನದ ಕಡೆಯ ಹುಡುಗಿಯೊಬ್ಬಳು ನನ್ನ ಪರಿಚಯದವಳು. ಕೆಲಸ ಸಾಲ್ಟ್ ಲೇಕ್‌ನ ಸೆಕ್ಟರ್ ಫೈವ್‌ನಲ್ಲಿ, ಗಂಡನದ್ದೂ ಅಲ್ಲೇ. ಚೊಚ್ಚಲು ತವರಿನಲ್ಲೇ ಆಗಬೇಕು ಎಂಬುದು ಮನೆಯವರ ಪಟ್ಟು. ಆದರೆ ಹೌರಾದಿಂದ ಬೆಂಗಳೂರಿಗೆ ರೈಲು ಒಂದು ಹಗಲು ಒಂದು ರಾತ್ರಿ ಮೀರಿದ ಪ್ರಯಾಣ, 36 ವಾರ ದಾಟಿದ ಬಸುರಿಯನ್ನು ವಿಮಾನದವರು ಸಾಮಾನ್ಯವಾಗಿ ಹತ್ತಿಸಿಕೊಳ್ಳುವುದಿಲ್ಲ. ಹೀಗೆ ಹೋಗುವುದೋ ಬಿಡುವುದೋ ಎನ್ನುವುದರಲ್ಲೇ ದಿನ ತಳ್ಳಿ, ಕೊನೆಗೆ ತವರೇ ಕೋಲ್ಕತ್ತಾಕ್ಕೆ ಬಂತು. ಅಮ್ಮ ಬಂದಿಳಿದಾಗ ಚೀಲದಲ್ಲಿ ಅಂಟಿನುಂಡೆ, ಬಾಣಂತಿ ಖಾರದ ಪುಡಿ, ಲೇಹ್ಯ, ಸೊಂಟಕ್ಕೆ ಸುತ್ತಲು ಒಗೆದು ಮಡಿಸಿದ ಹಳೆಯ ಹತ್ತಿ ಸೀರೆಗಳು, ಕೂಸಿಗೆ ಬಜೆ, ಕೊಬ್ಬರಿ ಎಣ್ಣೆ. ಹೆತ್ತ ಮೇಲಿನ ಮೂರು ತಿಂಗಳಿಗೆ ಬೇಕಾದದ್ದೆಲ್ಲ ಇತ್ತು. ಹೆರುವ ಆ ಒಂದು ದಿನಕ್ಕೆಂದು ಏನೂ ಇರಲಿಲ್ಲ.

‘ಅಮ್ಮಾ, ನಾನು ಹುಟ್ಟುವಾಗ ನಿನಗೆ ಹೇಗಾಯ್ತು?’ ಎಂದು ಮಗಳು ಕೇಳಿದ್ದಕ್ಕೆ ಬಂದ ಉತ್ತರ: ‘ಅದೆಲ್ಲ ಯಾಕೆ ಈಗ ಪುಟ್ಟೀ? ಆಗೋ ಹೊತ್ತಿಗೆ ಆಗುತ್ತೆ. ದೇವರಿದ್ದಾನೆ.’

ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮ ‘ಮಾಶಿಮಾ’ ಏಳನೆಯ ತಿಂಗಳಲ್ಲಿ ‘ಶಾಧ್’ ಮಾಡಿಸಿದರು. ನಮ್ಮ ಸೀಮಂತದಂಥದ್ದೇ. ಹೊಸ ಸೀರೆ, ಐದು ಬಗೆಯ ಕರಿದ ತಿಂಡಿ, ಪಾಯೇಶ್, ಮೀನು ತಿನ್ನುವವರಾದರೆ ಮೀನಿನ ತಲೆ. ನಮ್ಮಲ್ಲಿ ಹಸಿರು ಬಳೆ ತೊಡಿಸಿ ಮಡಿಲು ತುಂಬುತ್ತಾರೆ, ಉತ್ತರ ಕರ್ನಾಟಕದಲ್ಲಿ ಕುಬಸ ಮಾಡುತ್ತಾರೆ. ಬಸುರಿಯ ಮನಸ್ಸು ಅರಳಿಸಲು ಇವೆಲ್ಲ ಬೇಕು, ನನಗೇನೂ ತಕರಾರಿಲ್ಲ. ಆದರೆ ಸೀಮಂತದ ಮನೆಯಲ್ಲಿ ಮೂವತ್ತು ಜನ ಹೆತ್ತ ತಾಯಂದಿರು ಕೂತಿರುತ್ತಾರೆ. ಅಷ್ಟು ಜನರಲ್ಲಿ ಒಬ್ಬರಾದರೂ ಚೊಚ್ಚಲು ಬಸುರಿಯ ಪಕ್ಕ ಕೂತು, ನೋವು ಹೇಗೆ ಬರುತ್ತದೆ, ಎಷ್ಟು ಹೊತ್ತಿರುತ್ತದೆ, ನಡುವೆ ಏನಾಗುತ್ತದೆ ಎಂದು ಹೇಳುವುದಿಲ್ಲ. ಹೇಳಿದರೂ ಭಯ ಹುಟ್ಟಿಸುವ ಕಥೆಯೇ. ‘ನನಗೆ ಎರಡು ದಿನ, ಪ್ರಾಣ ಹೋಗಿ ಬಂತು’ ಎನ್ನುವುದು ಎಲ್ಲರಿಗೂ ಸಲೀಸು.

ಅವರು ಹೇಳದ ಮುಖ್ಯ ಸಂಗತಿ ಇದು: ಹೆರಿಗೆ ನೋವು ಬಿಡುವಿಲ್ಲದೆ ಇರುವುದಿಲ್ಲ. ಹೊಟ್ಟೆ ಬಿಗಿಯುತ್ತದೆ, ನೋವು ಏರುತ್ತದೆ, ತುದಿ ಮುಟ್ಟುತ್ತದೆ, ಇಳಿಯುತ್ತದೆ. ಒಟ್ಟು ಒಂದು ನಿಮಿಷದ ಆಸುಪಾಸು. ಆಮೇಲೆ ಬಿಡುವು. ಮೊದಮೊದಲು ಹತ್ತು, ಹದಿನೈದು ನಿಮಿಷಕ್ಕೊಮ್ಮೆ, ಕ್ರಮೇಣ ಐದಕ್ಕೆ, ಮೂರಕ್ಕೆ. ಆ ಬಿಡುವಿನಲ್ಲಿ ನೋವು ನಿಜವಾಗಿಯೂ ಇಲ್ಲವಾಗುತ್ತದೆ. ಅದರಲ್ಲಿ ಒಂದು ಗುಟುಕು ನೀರು ಕುಡಿಯಬಹುದು, ಕಣ್ಣು ಮುಚ್ಚಬಹುದು, ಮಾತಾಡಬಹುದು. ಇದು ಗೊತ್ತಿಲ್ಲದವಳು ಬಿಡುವಿನಲ್ಲೂ ಮುಂದಿನ ನೋವಿಗೆ ಹೆದರಿ ಮೈ ಸೆಟೆದುಕೊಂಡೇ ಇರುತ್ತಾಳೆ, ಅರ್ಧ ದಾರಿಯಲ್ಲೇ ದಣಿಯುತ್ತಾಳೆ.

ನೋವಿನ ಒಳಗೆ ನಡೆಯುವ ಕೆಲಸವೂ ತಿಳಿದಿರಲಿ. ಗರ್ಭಕೋಶದ ಮೇಲ್ಭಾಗದ ಸ್ನಾಯು ಬಿಗಿದು ಕೆಳಭಾಗವನ್ನು ಮೇಲಕ್ಕೆ ಎಳೆದುಕೊಳ್ಳುತ್ತದೆ. ಬಿಗಿ ಕುತ್ತಿಗೆಯ ಸ್ವೆಟರನ್ನು ತಲೆಯ ಮೇಲಿಂದ ಇಳಿಸಿಕೊಳ್ಳುವಾಗ ಕುತ್ತಿಗೆಪಟ್ಟಿ ಹಿಗ್ಗುತ್ತಾ ಬರುತ್ತದಲ್ಲ, ಹಾಗೆ ಗರ್ಭಕೋಶದ ಬಾಯಿ ಮಗುವಿನ ತಲೆಯ ಸುತ್ತ ತೆಳುವಾಗುತ್ತಾ ತೆರೆದುಕೊಳ್ಳುತ್ತದೆ. ಪೂರ್ತಿ ತೆರೆದರೆ 10 ಸೆಂಟಿಮೀಟರ್. ಮೊದಲ 5 ಸೆಂಟಿಮೀಟರ್ ತೆರೆಯಲು ಚೊಚ್ಚಲಿನಲ್ಲಿ ಒಂದು ಇಡೀ ದಿನ ಹಿಡಿದರೂ ಅದು ರೋಗವಲ್ಲ. ಗಂಟೆಗೊಂದು ಸೆಂಟಿಮೀಟರ್ ತೆರೆಯಲೇಬೇಕು ಎಂಬ ಹಳೆಯ ಲೆಕ್ಕವನ್ನು ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಕೈಬಿಟ್ಟಿತು. ಹೆರಿಗೆಯ ಬಿರುಸಿನ ಹಂತ 5 ಸೆಂಟಿಮೀಟರ್‌ನಿಂದ ಶುರು, ಚೊಚ್ಚಲಿನಲ್ಲಿ ಅದಕ್ಕೆ 12 ಗಂಟೆಯವರೆಗೂ ಹಿಡಿಯಬಹುದು ಎಂದಿತು. ‘ನೋವು ಮುಂದುವರೀತಾ ಇಲ್ಲ, ಆಪರೇಷನ್ ಮಾಡಿಬಿಡೋಣ’ ಎಂಬ ಮಾತು ಯಾವ ಗಡಿಯಾರ ನೋಡಿ ಬರುತ್ತಿದೆ ಎಂದು ಕೇಳಲು ಈ ಒಂದು ತಿಳಿವಳಿಕೆ ಸಾಕು. ತಾಯಿ ಮಗು ಇಬ್ಬರೂ ಚೆನ್ನಾಗಿದ್ದಾರೆಯೇ, ಇನ್ನಷ್ಟು ಹೊತ್ತು ಕಾಯಬಹುದೇ, ಕಾದರೆ ಏನು ಅಪಾಯ? ಮೂರು ಪ್ರಶ್ನೆ. ಒಳ್ಳೆಯ ಡಾಕ್ಟರು ಇದಕ್ಕೆ ಮುನಿಸಿಕೊಳ್ಳುವುದಿಲ್ಲ.

ಭಯಕ್ಕೂ ನೋವಿಗೂ ನಂಟಿದೆ ಎಂದು ಜಗತ್ತಿಗೆ ಸಾರಿ ಹೇಳಿದವನು ಗ್ರಾಂಟ್ಲಿ ಡಿಕ್-ರೀಡ್ ಎಂಬ ಇಂಗ್ಲಿಷ್ ಡಾಕ್ಟರ್. ಲಂಡನ್ನಿನ ಬಡವರ ಕೇರಿಯಲ್ಲಿ ಹೆರಿಗೆಗೆ ಹೋದಾಗ ಒಬ್ಬ ಹೆಂಗಸು ಕ್ಲೋರೋಫಾರ್ಮ್ ಬೇಡವೆಂದಳಂತೆ. ನೋಯಲೇ ಇಲ್ಲ, ನೋಯಬೇಕಿತ್ತೇ ಎಂಬ ಅರ್ಥದಲ್ಲಿ ಅವನನ್ನೇ ಕೇಳಿದಳಂತೆ. ಆ ಪ್ರಶ್ನೆ ಅವನನ್ನು ಬಿಡಲಿಲ್ಲ. ಭಯದಿಂದ ಬಿಗಿತ, ಬಿಗಿತದಿಂದ ನೋವು, ನೋವಿನಿಂದ ಮತ್ತೆ ಭಯ ಎಂಬ ವಾದ ಹೂಡಿ 1933ರಲ್ಲಿ ಪುಸ್ತಕ ಬರೆದ. ಶಿಶುಮಂಗಲ ಬಾಗಿಲು ತೆರೆದ ಮರುವರ್ಷವೇ. ಮುಂದೆ 1951ರಲ್ಲಿ ಫ್ರಾನ್ಸಿನ ಫರ್ನಾಂಡ್ ಲಮಾಜ್ ಸೋವಿಯತ್ ರಷ್ಯಾಕ್ಕೆ ಹೋಗಿ, ಬಸುರಿಯರಿಗೆ ಮೊದಲೇ ಪಾಠ ಹೇಳಿ ಉಸಿರಾಟ ಕಲಿಸುವ ಕ್ರಮ ನೋಡಿ ಬಂದ. ಪ್ಯಾರಿಸ್ಸಿನ ಲೋಹ ಕಾರ್ಮಿಕರ ಸಂಘದ ಆಸ್ಪತ್ರೆಯಲ್ಲಿ ಅದನ್ನು ಜಾರಿಗೆ ತಂದ. ಇಂದು ದುಬಾರಿ ಫೀಸಿನ ತರಗತಿಗಳಲ್ಲಿ ಮಾರುವ ಲಮಾಜ್ ವಿಧಾನ ಹುಟ್ಟಿದ್ದು ಕಾರ್ಮಿಕರ ಆಸ್ಪತ್ರೆಯಲ್ಲಿ ಎನ್ನುವುದು ತಮಾಷೆಯೇ ಸರಿ.

ಇಬ್ಬರೂ ಒಂದು ಕಡೆ ಅತಿ ಮಾಡಿದರು. ಸರಿಯಾಗಿ ಸಿದ್ಧಳಾದವಳಿಗೆ ನೋವೇ ಇರುವುದಿಲ್ಲ ಎಂಬ ಧ್ವನಿ ಅವರ ಮಾತಿನಲ್ಲಿತ್ತು. ಅದು ಸುಳ್ಳು. ನೋವು ಇರುತ್ತದೆ, ಕೆಲವರಿಗೆ ವಿಪರೀತ ಇರುತ್ತದೆ. ಬೆನ್ನಿಗೆ ಕೊಡುವ ಎಪಿಡ್ಯೂರಲ್ ಕೇಳುವುದು ಹೇಡಿತನವಲ್ಲ. ಆದರೆ ಅವರ ಮಾತಿನ ತಿರುಳು ಉಳಿದುಕೊಂಡಿದೆ. ಹೆದರಿದ ಮೈಯಲ್ಲಿ ಅಡ್ರಿನಲಿನ್ ಏರುತ್ತದೆ. ನೋವಿನ ಆರಂಭದಲ್ಲಿ ಅದು ಏರಿದರೆ ಗರ್ಭಕೋಶವನ್ನು ಬಿಗಿಯಿಸುವ ಆಕ್ಸಿಟೋಸಿನ್‌ಗೆ ಅಡ್ಡಿ. ಮನೆಯಲ್ಲಿ ಚೆನ್ನಾಗಿ ಬರುತ್ತಿದ್ದ ನೋವು ಆಸ್ಪತ್ರೆಯ ಟ್ಯೂಬ್‌ಲೈಟ್ ಕಂಡೊಡನೆ ನಿಂತುಹೋಯಿತು ಎನ್ನುವ ತಾಯಂದಿರು ಸುಳ್ಳು ಹೇಳುತ್ತಿಲ್ಲ.

ಮೈಯ ಸಿದ್ಧತೆ ಅಷ್ಟೇನೂ ನಿಗೂಢವಲ್ಲ. ದಿನಕ್ಕೆ ಅರ್ಧ ಗಂಟೆ ನಡಿಗೆ. ಕೋಲ್ಕತ್ತಾದ ವೈಶಾಖದಲ್ಲಿ ಅದು ಬೆಳಗಿನ ಆರರ ಒಳಗೆ, ರವೀಂದ್ರ ಸರೋವರದ ಮರದ ನೆರಳಲ್ಲಿ ಆಗಬೇಕು. ಆಮೇಲಿನ ಸೆಕೆಯಲ್ಲಿ ಬಸುರಿ ಇರಲಿ, ಗಟ್ಟಿ ಆಳೂ ಬಸವಳಿಯುತ್ತಾನೆ. ಡಾಕ್ಟರು ಬೇಡ ಎನ್ನದಿದ್ದರೆ ಕುಕ್ಕುರುಗಾಲಲ್ಲಿ ಕೂರುವುದು, ಪಾದ ಜೋಡಿಸಿ ಕೂರುವ ಬದ್ಧಕೋನಾಸನ, ಮೂತ್ರ ತಡೆಯುವಂತೆ ಕೆಳಗಿನ ಸ್ನಾಯುವನ್ನು ಬಿಗಿದು ಸಡಿಲಿಸುವ ಅಭ್ಯಾಸ. ಈ ಕೊನೆಯದರಲ್ಲಿ ಎಲ್ಲರೂ ಬಿಗಿಯುವುದನ್ನು ಕಲಿಯುತ್ತಾರೆ. ಹೆರಿಗೆಯಲ್ಲಿ ಬೇಕಾಗುವುದು ಸಡಿಲಿಸುವುದು. ಕೊನೆಯ ಐದಾರು ವಾರ ಶುದ್ಧ ಕೈಯಿಂದ ಎಣ್ಣೆ ಹಚ್ಚಿ ಯೋನಿಯ ಕೆಳ ಅಂಚನ್ನು ಮೆಲ್ಲಗೆ ಹಿಗ್ಗಿಸುವ ಮಾಲೀಸಿನಿಂದ ಚೊಚ್ಚಲು ತಾಯಂದಿರಿಗೆ ಹೊಲಿಗೆ ಬೀಳುವ ಸಂಭವ ತುಸು ಕಡಿಮೆಯಾಗುತ್ತದೆ. ಇದನ್ನು ಹೇಳಲು ಅಮ್ಮಂದಿರಿಗೆ ನಾಚಿಕೆ, ಹಲವು ಡಾಕ್ಟರಿಗೆ ಪುರುಸೊತ್ತಿಲ್ಲ. ಕೊನೆಯ ಮೂರು ತಿಂಗಳು ಮಗ್ಗುಲಾಗಿ ಮಲಗಬೇಕು, ಅಂಗಾತ ಬೇಡ. ಉಸಿರಾಟ ಎಂದರೆ ಏನೋ ಮಂತ್ರವಲ್ಲ. ಎಳೆದುಕೊಂಡದ್ದಕ್ಕಿಂತ ನಿಧಾನವಾಗಿ ಬಿಡುವುದು, ಬಿಡುವಾಗ ದವಡೆಯನ್ನೂ ಭುಜವನ್ನೂ ಸಡಿಲ ಮಾಡುವುದು, ಇಷ್ಟೇ.

ರಕ್ತದ ವಿಷಯ ಮಾತ್ರ ಎಷ್ಟು ಹೇಳಿದರೂ ಕಡಿಮೆ. ಪಶ್ಚಿಮ ಬಂಗಾಳದ ಬಸುರಿಯರಲ್ಲಿ ಅರ್ಧಕ್ಕಿಂತ ಹೆಚ್ಚು ಜನಕ್ಕೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಕುಟುಂಬ ಆರೋಗ್ಯ ಸಮೀಕ್ಷೆ. ಕರ್ನಾಟಕವೂ ಬೀಗುವಂತಿಲ್ಲ. ಹೆರಿಗೆಯಲ್ಲಿ ಅರ್ಧ ಲೀಟರ್‌ವರೆಗೆ ರಕ್ತ ಹೋಗುವುದನ್ನು ಗಟ್ಟಿ ಮೈ ತಡೆದುಕೊಳ್ಳುತ್ತದೆ, ಹಿಮೋಗ್ಲೋಬಿನ್ 7 ಇರುವ ಮೈ ತಡೆದುಕೊಳ್ಳುವುದಿಲ್ಲ. ಸರ್ಕಾರ ಕೊಡುವ ಕಬ್ಬಿಣದ ಮಾತ್ರೆಯನ್ನು ಕನಿಷ್ಠ 180 ದಿನ ನುಂಗಬೇಕು. ಮಗು ಕಪ್ಪಾಗುತ್ತದೆ, ದಪ್ಪಗಾಗಿ ಹೆರಿಗೆ ಕಷ್ಟವಾಗುತ್ತದೆ ಎಂಬ ಮಾತು ಎರಡೂ ರಾಜ್ಯಗಳಲ್ಲಿ ಕೇಳಿಬರುತ್ತದೆ, ಎರಡೂ ಕಡೆ ಅದಕ್ಕೆ ಆಧಾರವಿಲ್ಲ. ಕೋಲ್ಕತ್ತಾದ ತರಕಾರಿ ಮಾರುಕಟ್ಟೆಯಲ್ಲಿ ‘ಕುಲೇಖಾಡಾ’ ಎಂಬ ಸೊಪ್ಪು ಕಟ್ಟುಕಟ್ಟಾಗಿ ಸಿಗುತ್ತದೆ. ರಕ್ತ ಬರುತ್ತದೆಂದು ಅದರ ರಸ ಹಿಂಡಿ ಬಸುರಿಯರಿಗೆ ಕುಡಿಸುತ್ತಾರೆ. ಸೊಪ್ಪು ತಿನ್ನಲಿ, ಒಳ್ಳೆಯದೇ. ಆದರೆ ಅದನ್ನು ನಂಬಿ ಮಾತ್ರೆ ಬಿಡಬಾರದು. ಮಾತ್ರೆಯ ಹಿಂದೆ ಮುಂದೆ ಚಹಾ ಬೇಡ, ಅದು ಕಬ್ಬಿಣವನ್ನು ಮೈಗೆ ಹತ್ತಲು ಬಿಡುವುದಿಲ್ಲ. ಗಳಿಗೆಗೊಂದು ಮಣ್ಣಿನ ಕುಡಿಕೆಯಲ್ಲಿ ಚಹಾ ಹೀರುವ ಊರಿನಲ್ಲಿ ಇದು ಕಠಿಣ ಪಥ್ಯವೇ! ಬದಲಿಗೆ ಗಂಧರಾಜ ನಿಂಬೆ ಹಿಂಡಿದ ನೀರು ಕುಡಿಯಲಿ, ಕಬ್ಬಿಣ ಚೆನ್ನಾಗಿ ಹಿಡಿಯುತ್ತದೆ. ಇನ್ನು ಒಂಬತ್ತನೆಯ ತಿಂಗಳಲ್ಲಿ ತುಪ್ಪ ಸುರಿದು ತಿಂದರೆ ಮಗು ಜಾರಿಕೊಂಡು ಬರುತ್ತದೆ ಎನ್ನುವವರಿಗೆ ಒಂದು ಮಾತು: ತುಪ್ಪ ಹೋಗುವ ದಾರಿಯೇ ಬೇರೆ, ಮಗು ಬರುವ ದಾರಿಯೇ ಬೇರೆ. ಹರಳೆಣ್ಣೆ ಕುಡಿದು ನೋವು ಬರಿಸಿಕೊಳ್ಳುವ ಸಾಹಸವೂ ಬೇಡ.

ಊರಿನ ಭೂಗೋಳವೂ ಸಿದ್ಧತೆಯ ಒಂದು ಭಾಗ. ಜೋರು ಮಳೆ ಹಿಡಿದರೆ ಆಮ್ಹರ್ಸ್ಟ್ ಸ್ಟ್ರೀಟ್, ಕಾಲೇಜ್ ಸ್ಟ್ರೀಟ್ ಸುತ್ತ ಮೊಣಕಾಲುದ್ದ ನೀರು ನಿಲ್ಲುತ್ತದೆ. ಲೇಡಿ ಡಫರಿನ್ ಮತ್ತು ಮೆಡಿಕಲ್ ಕಾಲೇಜಿನ ಹೆರಿಗೆ ವಿಭಾಗವಾದ ಈಡನ್ ಆಸ್ಪತ್ರೆ, ಎರಡೂ ಇರುವುದು ಆ ಭಾಗದಲ್ಲೇ. ದುರ್ಗಾಪೂಜೆಯ ಷಷ್ಠಿಯಿಂದ ನವಮಿಯವರೆಗೆ ಸಂಜೆ ಮೇಲೆ ದಕ್ಷಿಣ ಕೋಲ್ಕತ್ತಾದ ಅರ್ಧ ರಸ್ತೆಗಳಲ್ಲಿ ಕಾರು ಅಲುಗಾಡುವುದಿಲ್ಲ. ದಿನ ತುಂಬುವುದು ಆಶ್ವಯುಜದಲ್ಲಿ ಎಂದಾದರೆ ಆಸ್ಪತ್ರೆಗೆ ಎರಡು ದಾರಿ ನೋಡಿಟ್ಟುಕೊಳ್ಳಬೇಕು. ಸರ್ಕಾರಿ ಆಸ್ಪತ್ರೆಗೆ ಹೋಗುವವರಿಗೆ 102ಕ್ಕೆ ಕರೆ ಮಾಡಿದರೆ ‘ನಿಶ್ಚಯ ಯಾನ’ ಎಂಬ ಉಚಿತ ವಾಹನವಿದೆ. ನಮ್ಮ ಕಡೆ 108 ಇದ್ದಂತೆ.

ಯಾವಾಗ ಹೊರಡಬೇಕು? ತೊಡಕಿಲ್ಲದ ಚೊಚ್ಚಲಿನಲ್ಲಿ, ಆಸ್ಪತ್ರೆ ಹತ್ತಿರವಿದ್ದರೆ, ಐದು ನಿಮಿಷಕ್ಕೊಮ್ಮೆ ನೋವು, ಪ್ರತಿ ಸಲ ಒಂದು ನಿಮಿಷ, ಹೀಗೆ ಒಂದು ಗಂಟೆ ನಡೆದರೆ ಹೊರಡಬಹುದು. ಅದಕ್ಕೆ ಮುಂಚೆ ಓಡಿದರೆ ಆಸ್ಪತ್ರೆಯ ಹಾಸಿಗೆಯಲ್ಲಿ ಗಡಿಯಾರ ನೋಡುತ್ತಾ ಬಿದ್ದಿರಬೇಕಾಗುತ್ತದೆ, ನೋಡುವವರ ತಾಳ್ಮೆಯೂ ಬೇಗ ತೀರುತ್ತದೆ. ಆದರೆ ನೀರು ಒಡೆದರೆ, ರಕ್ತ ಹೋದರೆ, ಮಗುವಿನ ಒದೆತ ಕಡಿಮೆಯಾದರೆ, ತಲೆ ಸಿಡಿದು ಕಣ್ಣು ಮಂಜಾದರೆ, ಜ್ವರ ಬಂದರೆ ಲೆಕ್ಕ ಹಾಕುತ್ತಾ ಕೂರಬಾರದು. ಹಿಂದೆ ಸಿಸೇರಿಯನ್ ಆದವರಿಗೆ, ಬಿಪಿ ಸಕ್ಕರೆ ಇರುವವರಿಗೆ ಡಾಕ್ಟರು ಹೇಳಿದ್ದೇ ಲೆಕ್ಕ.

ಇಷ್ಟೆಲ್ಲ ಹೇಳಿದ ಮೇಲೂ ಹೆರಿಗೆಯ ದಿನ ಎಲ್ಲಕ್ಕಿಂತ ಹೆಚ್ಚು ಒದಗುವುದು ಆಸನವೂ ಅಲ್ಲ, ಉಸಿರಾಟವೂ ಅಲ್ಲ. ಪಕ್ಕದಲ್ಲಿ ಬಿಡದೆ ಕೂರುವ ಒಬ್ಬ ಮನುಷ್ಯ. ಇದು ಭಾವುಕತೆಯಿಂದ ಹೇಳುವ ಮಾತಲ್ಲ. 1980ರಲ್ಲಿ ಗ್ವಾಟೆಮಾಲಾದ ಒಂದು ಆಸ್ಪತ್ರೆಯಲ್ಲಿ ನಡೆದ ಸಣ್ಣ ಅಧ್ಯಯನದಲ್ಲಿ, ತೊಡಕಿಲ್ಲದೆ ಹೆತ್ತ ಚೊಚ್ಚಲು ತಾಯಂದಿರಲ್ಲಿ ಒಂಟಿಯಾಗಿದ್ದವರಿಗೆ ಸರಾಸರಿ 19 ಗಂಟೆ ಹಿಡಿದರೆ, ಗುರುತಿಲ್ಲದ ಹೆಂಗಸೊಬ್ಬಳು ಕೈ ಹಿಡಿದು, ಬೆನ್ನು ನೀವಿ, ಮಾತಾಡಿಸುತ್ತಾ ಕೂತವರಿಗೆ 9 ಗಂಟೆಯೂ ಹಿಡಿಯಲಿಲ್ಲ. ಸಣ್ಣ ಅಧ್ಯಯನ, ಬಿಡಿ. 2017ರಲ್ಲಿ 15,000ಕ್ಕೂ ಹೆಚ್ಚು ಹೆಂಗಸರ 26 ಅಧ್ಯಯನಗಳನ್ನು ಒಟ್ಟು ಮಾಡಿ ನೋಡಿದಾಗಲೂ ಉತ್ತರದ ದಿಕ್ಕು ಅದೇ. ಜೊತೆಗೊಬ್ಬರಿದ್ದರೆ ಸಹಜ ಹೆರಿಗೆ ಹೆಚ್ಚು, ಸಿಸೇರಿಯನ್ ಕಡಿಮೆ, ನೋವಿನ ಹೊತ್ತು ಸುಮಾರು 40 ನಿಮಿಷ ಕಡಿಮೆ, ಹೆರಿಗೆಯ ಬಗ್ಗೆ ಕಹಿ ನೆನಪು ಕಡಿಮೆ. ಇದಕ್ಕೆ ಯಂತ್ರ ಬೇಡ, ಔಷಧಿ ಬೇಡ.

ನಮ್ಮ ಸೂಲಗಿತ್ತಿಯರಿಗೆ ಇದು ಅಂಕಿಅಂಶ ಇಲ್ಲದೆಯೇ ಗೊತ್ತಿತ್ತು. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ನರಸಮ್ಮನವರು 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರೆಂದು ಹೆಸರಾಗಿ 2018ರಲ್ಲಿ ಪದ್ಮಶ್ರೀ ಪಡೆದರು, ಆ ವರ್ಷದ ಕೊನೆಯಲ್ಲೇ ತೀರಿಕೊಂಡರು. ಬಂಗಾಳದ ಡಾಕ್ಟರ್ ಸುಂದರಿಮೋಹನ ದಾಸರು ಮುದಿ ಸೂಲಗಿತ್ತಿಯೊಬ್ಬಳ ದಿನಚರಿಯ ರೂಪದಲ್ಲೇ ಒಂದು ಪುಸ್ತಕ ಬರೆದಿದ್ದಾರೆ. ಹಳೆಯ ಸೂಲಗಿತ್ತಿಯನ್ನು ಪೂರ್ತಿ ಹೊಗಳಲಾರೆ. ತೊಳೆಯದ ಕೈ, ತುಕ್ಕು ಹಿಡಿದ ಕುಡುಗೋಲಿನಿಂದ ಸತ್ತವರೆಷ್ಟೋ. ಆಸ್ಪತ್ರೆಯ ಹೆರಿಗೆ ಬಂದದ್ದು ಒಳ್ಳೆಯದೇ ಆಯಿತು. ಆದರೆ ಅವಳ ಕುಡುಗೋಲಿನ ಜೊತೆಗೆ ಅವಳ ಸಾಂಗತ್ಯವನ್ನೂ ಹೊರಗಿಟ್ಟುಬಿಟ್ಟೆವು. ಇಂದು ಎಷ್ಟೋ ಆಸ್ಪತ್ರೆಗಳ ಹೆರಿಗೆ ಕೋಣೆಯ ಒಳಗೆ ಬಸುರಿ ಒಬ್ಬಳೇ ಹೋಗುತ್ತಾಳೆ. ಅಮ್ಮ, ಅತ್ತೆ, ಗಂಡ ಹೊರಗೆ ಹೆಸರು ಕೂಗುವುದನ್ನು ಕಾಯುತ್ತಾ ಇರುತ್ತಾರೆ. ಒಳಗೆ ಸಿಗುವುದು ಆಯಾ ಮಾಶಿ. ಒಳ್ಳೆಯವಳು ಸಿಕ್ಕರೆ ಪುಣ್ಯ, ಗದರುವವಳು ಸಿಕ್ಕರೆ ಆ ಗದರಿಕೆ ಜನ್ಮಕ್ಕೂ ಮರೆಯುವುದಿಲ್ಲ.

ಹಾಸನದ ಆ ಹುಡುಗಿಯ ಕಥೆಯಲ್ಲೂ ಹೀಗೇ ಆಗುವುದರಲ್ಲಿತ್ತು. ಅವಳು ತೋರಿಸಿಕೊಳ್ಳುತ್ತಿದ್ದ ಖಾಸಗಿ ಆಸ್ಪತ್ರೆಯಲ್ಲಿ ಎಂಟನೆಯ ತಿಂಗಳಲ್ಲಿ ‘ನನ್ನಮ್ಮ ಒಳಗೆ ಬರಬಹುದಾ?’ ಎಂದು ಕೇಳಿದಳು. ರೂಲ್ಸ್ ಇಲ್ಲ ಎಂದರು. ಅವಳಿಗೆ ಬಂಗಾಳಿ ಅಷ್ಟಕ್ಕಷ್ಟೆ, ಅಮ್ಮನಿಗೆ ಕನ್ನಡ ಬಿಟ್ಟರೆ ಬೇರೆ ಬಾರದು. ನೋವು ತಿನ್ನುವಾಗ ಯಾವ ಭಾಷೆಯಲ್ಲಿ ‘ಅಮ್ಮಾ’ ಎನ್ನಬೇಕು ಎಂದು ಅವಳು ನಗುತ್ತಲೇ ಕೇಳಿದ್ದಳು, ಒಳಗೆ ದಿಗಿಲಿತ್ತು. ಮಾಶಿಮಾ ಬಿಡಲಿಲ್ಲ. ತಾನೇ ನಾಲ್ಕು ಕಡೆ ವಿಚಾರಿಸಿ, ಅಮ್ಮನನ್ನು ಒಳಗೆ ಬಿಡುವ, ನೋವಿನ ಹೊತ್ತಲ್ಲಿ ಓಡಾಡಲು ಬಿಡುವ ಆಸ್ಪತ್ರೆ ಹುಡುಕಿಕೊಟ್ಟರು. ಹೆರಿಗೆಯ ಹೊತ್ತಿನಲ್ಲಿ ಆ ಅಮ್ಮ ಯಾವ ತರಗತಿಯಲ್ಲೂ ಕಲಿಯದ ಕೆಲಸ ಮಾಡಿದರು. ಮಗಳ ಸೊಂಟದ ಕೆಳಗೆ, ಬೆನ್ನುಮೂಳೆ ಮುಗಿಯುವಲ್ಲಿ, ಪ್ರತಿ ನೋವಿಗೂ ಅಂಗೈಯ ಬುಡ ಊರಿ ಒತ್ತಿ ಹಿಡಿದರು. ನೋವು ಇಳಿದಾಗ ಕೈ ತೆಗೆದು, ಚಮಚದಲ್ಲಿ ಎಳನೀರು ಹಾಕಿದರು. ‘ಹೋಯ್ತು ಪುಟ್ಟೀ, ಇದೊಂದು ಹೋಯ್ತು’ ಎಂದರು. ಮುಂದಿನದರ ಮಾತೇ ಎತ್ತಲಿಲ್ಲ. ಏಳನೆಯ ತಿಂಗಳಲ್ಲಿ ಬಾಯಿ ಬಿಡದಿದ್ದ ಅಮ್ಮನ ಕೈಗೆ ಎಲ್ಲವೂ ಗೊತ್ತಿತ್ತು.

ನೆಟ್ಟಗೆ ನಿಂತು, ಓಡಾಡಿ, ಮುಂದಕ್ಕೆ ಬಾಗಿ ನೋವು ತೆಗೆದರೆ ಅಂಗಾತ ಮಲಗಿದ್ದಕ್ಕಿಂತ ಮೊದಲ ಹಂತ ಒಂದು ಗಂಟೆಗೂ ಹೆಚ್ಚು ಬೇಗ ಮುಗಿಯುತ್ತದೆ ಎಂದೂ ಅಧ್ಯಯನಗಳಿವೆ. ತೊಡಕಿಲ್ಲದವರಿಗೆ ನೋವಿನ ನಡುವೆ ನೀರು, ಹಗುರ ಆಹಾರ ಕೊಡಬಹುದು, ಎಲ್ಲರಿಗೂ ಎನಿಮಾ ಕೊಡುವುದು, ಕೂದಲು ಬೋಳಿಸುವುದು, ಕತ್ತರಿ ಹಾಕುವುದು ಬೇಕಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆಸ್ಪತ್ರೆಗಳ ಚಾಳಿ ಮಾತ್ರ ಬೇಗ ಬದಲಾಗದು.

ಮನಸ್ಸಿನ ಸಿದ್ಧತೆಗೆ ಇನ್ನೊಂದು ಮಗ್ಗುಲಿದೆ. ಹಿಂದೆ ಗರ್ಭ ನಿಲ್ಲದೆ ಹೋದವಳು, ಮಗು ಕಳೆದುಕೊಂಡವಳು, ಮೊದಲ ಹೆರಿಗೆಯಲ್ಲಿ ಬೈಗುಳ ತಿಂದವಳು, ರಾತ್ರಿ ನಿದ್ದೆ ಬಾರದೆ ಅಳುವವಳು, ಇಂಥವರಿಗೆ ‘ಧೈರ್ಯ ತಗೋ’ ಎಂಬ ಉಪದೇಶ ಸಾಲದು. ಇದಕ್ಕೆ ಚಿಕಿತ್ಸೆ ಇದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿಗೆಂದೇ ಮನೋಚಿಕಿತ್ಸೆಯ ಪ್ರತ್ಯೇಕ ವಿಭಾಗ 2009ರಿಂದ ನಡೆಯುತ್ತಿದೆ. ಬಸುರಿನ ಬೇಗುದಿಯನ್ನು ಬಯಕೆಯ ಲಕ್ಷಣ ಎಂದು ತಳ್ಳಿಹಾಕುವ ಮನೆಯವರಿಗೆ ಇದು ತಿಳಿದಿರಲಿ.

ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳ ಹೆರಿಗೆ ಕೋಣೆಗೆ ಬಸುರಿಯ ಜೊತೆ ಒಬ್ಬ ಹೆಂಗಸನ್ನು ಬಿಡಬೇಕೆಂದು ಹೇಳಿದೆ. ಮರೆ ಇರುವ ಕಡೆ ಗಂಡನಿಗೂ ಪ್ರವೇಶವಿದೆ. 2017ರ ಕೊನೆಗೆ ಬಂದ ‘ಲಕ್ಷ್ಯ’ ಎಂಬ ಹೆರಿಗೆ ಕೋಣೆ ಸುಧಾರಣೆಯ ಯೋಜನೆಯಲ್ಲೂ ಜೊತೆಗಾತಿಗೆ ಜಾಗವಿದೆ. ಹಾಗಾಗಿ ‘ರೂಲ್ಸ್ ಇಲ್ಲ’ ಎಂದು ಸರ್ಕಾರಿ ಆಸ್ಪತ್ರೆಯವರು ಹೇಳಿದರೆ ಅದು ನಿಜವಲ್ಲ. ಖಾಸಗಿಯವರು ಹೇಳಿದರೆ ಅದು ಅವರೇ ಮಾಡಿಕೊಂಡ ರೂಲ್ಸು, ಬದಲಿಸಿಕೊಳ್ಳಬಹುದು.

ನಿಮ್ಮ ಮನೆಯಲ್ಲಿ ಬಸುರಿ ಇದ್ದರೆ, ಕೋಲ್ಕತ್ತಾದಲ್ಲಿರಲಿ ಕೊಪ್ಪಳದಲ್ಲಿರಲಿ, ಏಳನೆಯ ತಿಂಗಳಲ್ಲೇ ಆಸ್ಪತ್ರೆಗೆ ಹೋಗಿ ಎರಡು ಪ್ರಶ್ನೆ ಕೇಳಿ: ನಿಮ್ಮಲ್ಲಿ ನೂರಕ್ಕೆ ಎಷ್ಟು ಸಿಸೇರಿಯನ್? ನೋವಿನ ಹೊತ್ತಿಗೆ ನಮ್ಮವರೊಬ್ಬರನ್ನು ಒಳಗೆ ಬಿಡುತ್ತೀರಾ? ಉತ್ತರ ಹಿಡಿಸದಿದ್ದರೆ ಬೇರೆ ಆಸ್ಪತ್ರೆ ನೋಡಲು ಇನ್ನೂ ಎರಡು ತಿಂಗಳಿರುತ್ತದೆ.